ಅಬ್ಬರವೂ ಅಂತರಂಗವೂ

ನಗಬಾರದ ಹೊತ್ತಿನಲ್ಲಿ ನಕ್ಕು ಗೆಳೆಯನೊಬ್ಬನ ಮನಸ್ಸನ್ನು ನೋಯಿಸಿದ ಸಂಗತಿಯೊಂದು ನನ್ನ ನೆನಪಿನಲ್ಲಿ ಮುಳ್ಳಿನಂತೆ ಉಳಿದಿದೆ. ತೊಂಬತ್ತರ ದಶಕದ ಕೊನೆಯ ಮಾತು. ವಿದ್ಯಾರ್ಥಿನಿಲಯದ ನಮ್ಮ ಕೊಠಡಿಯಲ್ಲಿ ಅವನದೊಂದು ಹಳೆಯ ಟೇಪ್‌ರೆಕಾರ್ಡರೂ ಅಮೆರಿಕದ ರಾಕ್ ಸಂಗೀತದ ಒಂದು ಕ್ಯಾಸೆಟ್ಟೂ ಇದ್ದುವು. ರಾತ್ರಿ ದೀಪವಾರಿಸಿದ ಮೇಲೆ ಅದನ್ನು ಸಣ್ಣ ದನಿಯಲ್ಲಿ ಹಾಕಿಕೊಂಡು, ಕಣ್ಣುಮುಚ್ಚಿ ಕೇಳುತ್ತಿದ್ದ. ಪಿಯಾನೋ ಸಿಡಿಲಿನಂತೆ ಎರಗುತ್ತಿತ್ತು. ಗಿಟಾರು ಮೋಟಾರು ಸೈಕಲ್ಲಿನಂತೆ ಗರ್ಜಿಸುತ್ತಿತ್ತು. ಅವೆರಡನ್ನೂ ಮೀರಿ ಒಬ್ಬ ಗಾಯಕ, ಪ್ರಳಯವೇ ಬಂದೊದಗಿತೋ ಎಂಬಂತೆ ಪ್ರೇಮವನ್ನು ಕುರಿತು ಮೊರೆಯಿಡುತ್ತಿದ್ದ. ಒಂದು ರಾತ್ರಿ ನನಗೆ ನಗು ತಡೆಯದಾಯಿತು. “ಏನೋ ಇದು, ಹಾಡೋ ಬಯಲಾಟವೋ? ಈ ಮನುಷ್ಯ ನಿಜವಾಗಿ ನಂಬಿಕೊಂಡು ಹಾಡ್ತಾ ಇದಾನೋ, ನಿನ್ನಂಥೋರನ್ನ ಅಣಕಿಸ್ತಾ ಇದಾನೋ?” ಎಂದೆ. ಗೆಳೆಯ ಉತ್ತರ ಹೇಳಲಿಲ್ಲ, ಟೇಪನ್ನು ನಿಲ್ಲಿಸಿದ. ಆಮೇಲೆ ನಾನಿದ್ದಾಗ ಅದನ್ನು ಹಾಕಲೇ ಇಲ್ಲ.

ಆ ಗಾಯಕನ ರಂಗನಾಮ ಮೀಟ್ ಲೋಫ್. ೨೦೨೨ರ ಜನವರಿಯಲ್ಲಿ ಅವನು ತೀರಿಕೊಂಡ ಸುದ್ದಿಯನ್ನು ಓದಿದಾಗ ನಾನು ಅಂದು ನಗೆಯಾಡುತ್ತ ಕೇಳಿದ ಪ್ರಶ್ನೆ ಮತ್ತೆ ನನ್ನೆದುರು ನಿಂತಿತು. ಈ ಬಾರಿ ಅದಕ್ಕೆ ಉತ್ತರ ಹುಡುಕುವುದು ನ್ಯಾಯವೆನ್ನಿಸಿತು. ರಾಕ್ ಸಂಗೀತದ ಈ ಅತಿನಾಟಕ ಹೃದಯದಿಂದ ಹೊಮ್ಮಿದ್ದೆ, ಅಥವಾ ಬೇಕೆಂದೇ ಎಲ್ಲೆ ಮೀರಿದ ಆಟವೆ?

ಈ ಪ್ರಶ್ನೆಗೆ ತಕ್ಕ ಉದಾಹರಣೆ ಅವನದೇ ‘ಬ್ಯಾಟ್ ಔಟ್ ಆಫ್ ಹೆಲ್’. ೧೯೭೭ರ ಅಕ್ಟೋಬರಿನಲ್ಲಿ ಹೊರಬಂದ ಏಳು ಹಾಡುಗಳ ಧ್ವನಿಮುದ್ರಿಕೆ ಅದು. ನರಕದಿಂದ ಹಾರಿಬಂದ ಬಾವಲಿ ಎಂಬುದು ಹೆಸರಿನ ಶಬ್ದಾರ್ಥ. ಶರವೇಗದಲ್ಲಿ ಧಾವಿಸುವುದೆಂಬುದು ಭಾವಾರ್ಥ. ಅನೇಕ ಕಂಪನಿಗಳು ಬೇಡವೆಂದು ಹಿಂದಿರುಗಿಸಿದ ಈ ಹಾಡುಗಳ ಪ್ರತಿಗಳು ಮುಂದೆ ಕೋಟಿಗಟ್ಟಲೆ ಮಾರಾಟವಾದುವು. ಮೊದಲ ಹಾಡೇ ಸುಮಾರು ಹತ್ತು ನಿಮಿಷದ್ದು. ಒಬ್ಬ ತರುಣ ಬೆಳಗಾಗುವ ಮುನ್ನ ನಲ್ಲೆಯನ್ನು ತೊರೆದು ಮೋಟಾರು ಸೈಕಲ್ಲನ್ನೇರಿ ಹೊರಡುತ್ತಾನೆ. ತಿರುವಿನಲ್ಲಿ ಅಪ್ಪಳಿಸಿ ಬೀಳುತ್ತಾನೆ. ಸಾಯುವ ಗಳಿಗೆಯಲ್ಲಿ ತನ್ನ ಹೃದಯವೇ ಎದೆಯೊಡೆದು ಬಾವಲಿಯಂತೆ ಹಾರಿಹೋಗುವುದನ್ನು ಕಾಣುತ್ತಾನೆ. ಗದ್ಯದಲ್ಲಿ ಹೀಗೆ ಹೇಳಿದರೆ ಯಾರಿಗೆ ತಾನೇ ನಗು ಬಾರದು?

ಸೋಜಿಗವೆಂದರೆ, ಇದನ್ನು ಕಟ್ಟಿದವರೇ ಇದು ಏನೆಂಬುದರಲ್ಲಿ ಒಮ್ಮತದವರಾಗಿರಲಿಲ್ಲ. ಧ್ವನಿಮುದ್ರಣದ ಹೊಣೆ ಹೊತ್ತವನು ಟಾಡ್ ರಂಡ್‌ಗ್ರೆನ್. ಆ ಕಾಲದಲ್ಲಿ ಹೆದ್ದಾರಿ, ಯೌವನ, ಪಲಾಯನಗಳನ್ನು ಕುರಿತು ಹಾಡಿ ಹೆಸರಾಗಿದ್ದವನು ಬ್ರೂಸ್ ಸ್ಪ್ರಿಂಗ್‌ಸ್ಟೀನ್. ಅವನ ಅಣಕವೆಂದು ತಿಳಿದೇ ತಾನು ಈ ಕೆಲಸಕ್ಕೆ ಒಪ್ಪಿದೆನೆಂದು ರಂಡ್‌ಗ್ರೆನ್ ಮುಂದೆ ಹೇಳಿಕೊಂಡಿದ್ದಾನೆ. ಅದೇ ಸ್ಪ್ರಿಂಗ್‌ಸ್ಟೀನನ ವಾದ್ಯವೃಂದದ ಮ್ಯಾಕ್ಸ್ ವೈನ್‌ಬರ್ಗ್ ಮತ್ತು ರಾಯ್ ಬಿಟ್ಟನ್ ಇದರಲ್ಲಿ ಡ್ರಮ್ಮು, ಪಿಯಾನೋಗಳನ್ನು ನುಡಿಸಿದರು. ಹಾಡಿನ ನಡುವೆ ಬರುವ ಮೋಟಾರು ಸೈಕಲ್ಲಿನ ಆರ್ಭಟ ರಂಡ್‌ಗ್ರೆನ್ನನ ಗಿಟಾರಿನದೇ. ಅಣಕವೆಂದು ಭಾವಿಸಿದವನು ಅಷ್ಟೊಂದು ನಿಷ್ಠೆಯಿಂದ ದುಡಿದನೆಂಬುದನ್ನು ವಾಚಕರು ಗಮನಿಸಬೇಕು.

ಹಾಡುಗಳನ್ನು ರಚಿಸಿದವನು ಜಿಮ್ ಸ್ಟೈನ್‌ಮನ್. ಜರ್ಮನಿಯ ವಾಗ್ನರನ ಮಹಾಗಾತ್ರದ ಗೀತನಾಟಕಗಳು ಅವನಿಗೆ ಆದರ್ಶ. ಎಂದೂ ದೊಡ್ಡವನಾಗದ ಹುಡುಗ ಪೀಟರ್ ಪ್ಯಾನನ ಕಥೆಯನ್ನು ಆಧರಿಸಿ ಅವನು ಕಟ್ಟುತ್ತಿದ್ದ ‘ನೆವರ್‌ಲ್ಯಾಂಡ್’ ಎಂಬ ನಾಟಕದಿಂದ ಈ ಧ್ವನಿಮುದ್ರಿಕೆಯ ಹಲವು ಹಾಡುಗಳು ಹುಟ್ಟಿದುವು. ಹದಿಹರೆಯವೇ ಅವನ ಜೀವಮಾನದ ವಸ್ತು. ಆದರೆ ಅವನಿಗೆ ನಗಲು ಬರುತ್ತಿರಲಿಲ್ಲವೆ? ಚೆನ್ನಾಗಿಯೇ ಬರುತ್ತಿತ್ತು. ‘ಪ್ಯಾರಡೈಸ್ ಬೈ ದ ಡ್ಯಾಶ್‌ಬೋರ್ಡ್ ಲೈಟ್’ ಎಂಬ ಹಾಡಿನಲ್ಲಿ ಕಾರಿನೊಳಗಿನ ಹುಡುಗ ಹುಡುಗಿಯರ ಪ್ರಣಯವನ್ನು ಬೇಸ್‌ಬಾಲ್ ಆಟದ ವೀಕ್ಷಕ ವಿವರಣೆಯ ರೂಪದಲ್ಲಿ ಕೇಳಿಸುತ್ತಾನೆ; ವಿವರಣೆಗಾರ ಫಿಲ್ ರಿಝುಟೋ ಆ ಆಟದ ಹೆಸರಾಂತ ಆಟಗಾರನಾಗಿದ್ದವನು. ಹುಡುಗಿ ಬಾಳಿಡೀ ಪ್ರೀತಿಸುವ ಆಣೆ ಕೇಳುತ್ತಾಳೆ. ಹುಡುಗ ಬೆಳಗಿನವರೆಗೆ ಅವಧಿ ಬೇಡಿ, ಕೊನೆಗೆ ತಾಳಲಾರದೆ ಆಣೆಯಿಡುತ್ತಾನೆ. ಆಣೆಗೆ ಕಟ್ಟುಬಿದ್ದ ತಪ್ಪಿಗೆ ಲೋಕವೇ ಬೇಗ ಮುಗಿಯಲೆಂದು ಈಗ ಹಾರೈಸುತ್ತಿದ್ದಾನೆ. ಇದನ್ನು ಬರೆದವನು ತಾನೇನು ಮಾಡುತ್ತಿರುವೆನೆಂದು ಅರಿಯದ ಮುಗ್ಧನೆನ್ನಲಾದೀತೆ?

ಇನ್ನು ಉಳಿದವನು ಗಾಯಕ. ಅವನು ರಂಗಭೂಮಿಯಿಂದ ಬಂದವನು. ಹಾಡನ್ನು ಪಾತ್ರವೆಂದು ಹಿಡಿದು, ಅದರೊಳಗೆ ಹೊಕ್ಕು, ಒಮ್ಮೆಯೂ ಸಭಿಕರತ್ತ ಕಣ್ಣುಮಿಟುಕಿಸದೆ, ಮೈಯೆಲ್ಲ ಬೆವರಾಗಿ ದಣಿಯುವವರೆಗೆ ಹಾಡುತ್ತಿದ್ದ. ಈ ಧ್ವನಿಮುದ್ರಿಕೆಯನ್ನು ಹಿಡಿದು ಊರೂರು ತಿರುಗಿದ ಮೇಲೆ ಅವನ ಕಂಠವೇ ಕೈಕೊಟ್ಟಿತು. ಅವನಿಗಾಗಿ ಬರೆದಿಟ್ಟ ಮುಂದಿನ ಹಾಡುಗಳಲ್ಲಿ ಹೆಚ್ಚಿನವನ್ನು ಸ್ಟೈನ್‌ಮನ್ ತಾನೇ ಹಾಡಿ ೧೯೮೧ರಲ್ಲಿ ‘ಬ್ಯಾಡ್ ಫಾರ್ ಗುಡ್’ ಎಂದು ಹೊರತಂದ. ಅದೇ ಕೈಯ ರಚನೆ, ಅದೇ ಅಬ್ಬರ. ಆದರೂ ಅದು ಮೊದಲಿನಷ್ಟು ಜನರನ್ನು ಮುಟ್ಟಲಿಲ್ಲ. ೧೯೯೩ರಲ್ಲಿ ಇಬ್ಬರೂ ಮತ್ತೆ ಕೂಡಿದಾಗ ಪ್ರೇಮಕ್ಕಾಗಿ ಏನನ್ನಾದರೂ ಮಾಡಬಲ್ಲೆನೆಂಬ ಅವರ ಗೀತೆ ದೇಶದೇಶಗಳಲ್ಲಿ ಮೊದಲ ಸ್ಥಾನಕ್ಕೇರಿತು. ಬಲ್ಲವನ ಬರಹಕ್ಕೆ ನಂಬುವವನ ಕಂಠ ಬೇಕಾಗಿತ್ತೆಂದು ನನಗೆ ತೋರುತ್ತದೆ.

ಅಮೆರಿಕದ ವಿಮರ್ಶಕಿ ಸೂಸನ್ ಸೊಂಟಾಗ್ ೧೯೬೪ರಲ್ಲಿ ಇಂಥ ಅಭಿರುಚಿಯನ್ನು ಕುರಿತು ಒಂದು ಪ್ರಸಿದ್ಧ ಪ್ರಬಂಧ ಬರೆದಳು. ಕೃತಕತೆ, ಅತಿಶಯಗಳ ಮೇಲಿನ ಆ ಮೋಹಕ್ಕೆ ‘ಕ್ಯಾಂಪ್’ ಎಂದು ಹೆಸರು. ತಾನು ಅತಿಯೆಂದು ತನಗೇ ತಿಳಿಯದ ಮುಗ್ಧ ಕೃತಿಯೊಂದು ಬಗೆ, ತಿಳಿದೇ ಆಡುವ ಕೃತಿ ಇನ್ನೊಂದು ಬಗೆ. ಮೊದಲನೆಯದರಲ್ಲಿಯೇ ಸೊಗಸು ಹೆಚ್ಚೆಂದು ಆಕೆಯ ಮತ. ಆದರೆ ನಮ್ಮ ಮುಂದಿರುವ ಕೃತಿ ಎರಡು ಗೂಡುಗಳಲ್ಲಿ ಯಾವುದರಲ್ಲಿಯೂ ನಿಲ್ಲದು.

ಇಲ್ಲಿ ನನಗೆ ನೆರವಾದುದು ನನ್ನ ಕಸುಬೇ. ರನ್ನನ ಗದಾಯುದ್ಧವನ್ನು ಪಾಠ ಹೇಳುವಾಗ, ಸರೋವರದಲ್ಲಿ ಅಡಗಿದ್ದ ದುರ್ಯೋಧನ ಭೀಮನ ಗರ್ಜನೆಯನ್ನು ಕೇಳಿ ನೀರೊಳಗಿದ್ದೂ ಬೆವರಿದನೆಂಬಲ್ಲಿಗೆ ಬಂದಾಗ ಹುಡುಗರಲ್ಲಿ ಒಬ್ಬಿಬ್ಬರು ನಗುತ್ತಾರೆ. ನಾನು ತಡೆಯುವುದಿಲ್ಲ. ನೀರಿನಲ್ಲಿ ಬೆವರು ಕಾಣದೆಂಬುದು ಹತ್ತನೆಯ ಶತಮಾನದ ಆ ಕವಿಗೂ ಗೊತ್ತಿತ್ತು. ಗೊತ್ತಿದ್ದುದರಿಂದಲೇ ಆ ಛಲಗಾರನ ಕುದಿತವನ್ನು ಅಳೆಯಲು ಲೋಕದ ಅಳತೆ ಸಾಲದೆಂದು ಕಂಡುಕೊಂಡ. ಇಷ್ಟಾದರೂ ರನ್ನನ ಪ್ರಾಮಾಣಿಕತೆಯನ್ನು ಶಂಕಿಸಿದವರುಂಟೆ? ಅತಿಶಯವನ್ನು ಅರಿತು ಬಳಸುವುದಕ್ಕೂ ಭಾವವನ್ನು ನಂಬುವುದಕ್ಕೂ ನಮ್ಮ ಅಲಂಕಾರಿಕರು ಹಗೆತನವನ್ನು ಕಾಣಲಿಲ್ಲ. ಔಚಿತ್ಯ ತಪ್ಪಿದರೆ ಯಾವ ರಸವೂ ಹಾಸ್ಯಕ್ಕೆ ಜಾರಬಲ್ಲುದೆಂಬ ಎಚ್ಚರವನ್ನೇನೋ ಅಭಿನವಗುಪ್ತ ಕೊಟ್ಟಿದ್ದಾನೆ. ಆದರೆ ಔಚಿತ್ಯ ಯಾರಿಗೆ, ಯಾವ ವಯಸ್ಸಿಗೆ ಎಂಬುದನ್ನೂ ಕೇಳಬೇಕಷ್ಟೆ. ಹದಿನೇಳರ ಹುಡುಗನಿಗೆ ಒಂದು ವಿರಹ ಲೋಕದ ಕೊನೆಯಾಗಿಯೇ ಕಾಣುತ್ತದೆ. ಅವನ ಪಾಲಿಗೆ ಆ ಬಾವಲಿ ಉತ್ಪ್ರೇಕ್ಷೆಯಲ್ಲ, ವರದಿ. ನಲವತ್ತರಲ್ಲಿ ಅದನ್ನು ಬರೆಯುವವನು ನಗುವನ್ನೂ ಜೊತೆಯಲ್ಲಿಟ್ಟುಕೊಂಡಿರಬಹುದು. ಆ ನಗುವಿನಿಂದ ನೋವು ಸುಳ್ಳಾಗದು.

ಅಂದು ಗೆಳೆಯನಿಗೆ ಏನು ನೋವಿತ್ತೆಂದು ನಾನು ಕೇಳಲಿಲ್ಲ. ಗಾಯಕ ಪ್ರಾಮಾಣಿಕನೆ ಎಂದು ವಿಚಾರಿಸುವ ಜಾಣತನದಲ್ಲಿ, ಎರಡು ಮೊಳ ದೂರದಲ್ಲಿ ಮಲಗಿದ್ದವನನ್ನು ವಿಚಾರಿಸುವುದನ್ನೇ ಮರೆತೆ. ಎದೆಯುಬ್ಬಿ ಹೇಳಿದ ಮಾತನ್ನೆಲ್ಲ ಅನುಮಾನಿಸುವುದು ಓದಿದವರ ರೋಗ. ಅದು ನನಗೆ ಆಗಲೇ ತಗುಲಿತ್ತೆಂದು ಕಾಣುತ್ತದೆ.

ಕಳೆದ ಬೇಸಗೆಯಲ್ಲಿ ಅವನ ಊರಿಗೆ ಹೋಗಿದ್ದೆ. ಅವನ ಕಾರಿನಲ್ಲಿ ಹೋಗುತ್ತಿರುವಾಗ, “ಆ ಹಾಡು ಹಾಕೋ” ಎಂದೆ. ಯಾವ ಹಾಡೆಂದು ಅವನು ಕೇಳಲಿಲ್ಲ. “ನಿನಗೆ ನಗು ಬರತ್ತಲ್ಲ?” ಎಂದ. “ಬರಲಿ, ಹಾಕು” ಎಂದೆ. ಗಿಟಾರಿನ ಮೋಟಾರು ಸೈಕಲ್ಲು ಆರ್ಭಟಿಸಿದಾಗ ಇಬ್ಬರೂ ಒಟ್ಟಿಗೇ ನಕ್ಕೆವು. ಹಾಡು ಕೊನೆಯ ಘಟ್ಟಕ್ಕೆ ಬರುವ ವೇಳೆಗೆ ಇಬ್ಬರೂ ಸುಮ್ಮನಾಗಿದ್ದೆವು. ಅದು ಮುಗಿದು ಎಷ್ಟೋ ದೂರ ಹೋಗುವವರೆಗೆ ಯಾರೂ ಮಾತಾಡಲಿಲ್ಲ.