ಗಾಡಿ ನೋಡುವ ಮೊದಲು ಮೆಕ್ಯಾನಿಕ್‌ನನ್ನು ನೋಡಿ

ಗಲ್ಫ್‌ನಿಂದ ರಜೆಗೆ ಬರುವ ನಮ್ಮ ಹುಡುಗರ ಮೊಬೈಲಿನಲ್ಲಿ ಈಗ ಮನೆಯ ಪ್ಲ್ಯಾನ್‌ಗಿಂತ ಮೊದಲು ಸಿಗುವುದು ಕಾರಿನ ಫೋಟೊ. ಅದೂ ಸಾದಾ ಕಾರಲ್ಲ, ಓಟಕ್ಕೆ ಹೆಸರಾದ ಕಾರು. ಹೊಸ ಸ್ಪೋರ್ಟ್ಸ್ ಕಾರು ಕೈಗೆ ಎಟಕುವುದಿಲ್ಲ, ಹಾಗಾಗಿ ಸೆಕೆಂಡ್ ಹ್ಯಾಂಡ್. ಮಂಗಳೂರು, ಉಡುಪಿ ಕಡೆ ಫೋಕ್ಸ್‌ವ್ಯಾಗನ್ ಪೋಲೊ ಜಿಟಿ ಟಿಎಸ್‌ಐ ಎಂದರೆ ಹುಡುಗರ ಕಣ್ಣು ಅರಳುತ್ತದೆ. ಪೋಲೊ ತಯಾರಿ ನಮ್ಮ ದೇಶದಲ್ಲಿ 2022ರಲ್ಲೇ ನಿಂತಿತು. ಹೊಸದು ಸಿಗದ ಕಾರಣ ಹಳೆಯದಕ್ಕೇ ಬೇಡಿಕೆ.

ಅಂಥ ಕಾರು ಬೇಕೋ ಬೇಡವೋ ಎನ್ನುವುದು ಆಯಾ ಮನೆಯ ವಿಚಾರ. ಆದರೆ ಅದಕ್ಕೆ ಕೊಡುವ ಲಕ್ಷಗಳು ಸುಮ್ಮನೆ ಬಂದದ್ದಲ್ಲ. ಒಂದು ರೂಮಿನಲ್ಲಿ ಆರು ಜನರ ಜೊತೆ ಮಲಗಿ, ಎರಡೆರಡು ವರ್ಷ ಊರಿನ ಮುಖ ನೋಡದೆ ಕೂಡಿಟ್ಟ ಹಣ ಅದು. ಕೆಲವು ಮನೆಗಳಲ್ಲಿ ಉಮ್ಮನ ಕೈಬಳೆಯೂ ಅದರಲ್ಲಿ ಸೇರಿರುತ್ತದೆ. ಆ ಹಣ ಉಳಿಯುತ್ತದೋ ಹೋಗುತ್ತದೋ ಎನ್ನುವುದು ಹೆಚ್ಚಾಗಿ ಒಬ್ಬ ಮನುಷ್ಯನ ಅರ್ಧ ದಿನದ ಕೆಲಸದ ಮೇಲೆ ನಿಂತಿದೆ. ಗಾಡಿಯನ್ನು ಪರೀಕ್ಷೆ ಮಾಡಿ ಹೇಳುವ ಮೆಕ್ಯಾನಿಕ್‌ನ ಮೇಲೆ.

ಆ ಮೆಕ್ಯಾನಿಕ್‌ನನ್ನು ನಾವು ಆರಿಸುವುದು ಹೇಗೆ? "ನಮ್ಮವನೇ, ಗೊತ್ತಿರುವವ, ಮೋಸ ಮಾಡುವವನಲ್ಲ." ಅಷ್ಟಕ್ಕೆ ಮುಗಿಯಿತು. ಇದು ಅರ್ಧ ಮಾತ್ರ ಸರಿ. ಮೆಕ್ಯಾನಿಕ್‌ನಲ್ಲಿ ಅಮಾನತ್ ಬೇಕು, ಅದರ ಜೊತೆಗೆ ಆ ಗಾಡಿಯ ವಿದ್ಯೆಯೂ ಬೇಕು. ಹಲ್ಲಿನ ಡಾಕ್ಟರು ಎಷ್ಟೇ ಒಳ್ಳೆಯವರಾಗಲಿ, ಕಣ್ಣಿನ ಆಪರೇಷನ್‌ಗೆ ನಾವು ಅವರ ಹತ್ತಿರ ಹೋಗುವುದಿಲ್ಲ. ಮೂವತ್ತು ವರ್ಷ ಓಮ್ನಿ, ಆಟೊ ರಿಕ್ಷಾ ರಿಪೇರಿ ಮಾಡಿದ ಪ್ರಾಮಾಣಿಕ ಕಾಕನಿಗೆ ಟರ್ಬೊ ಎಂಜಿನ್ನಿನ ಕಾರು ತೋರಿಸಿ "ಹೇಗುಂಟು?" ಎಂದು ಕೇಳಿದರೆ ಅವರೂ ಕಷ್ಟಕ್ಕೆ ಸಿಕ್ಕುತ್ತಾರೆ, ನಾವೂ ಸಿಕ್ಕುತ್ತೇವೆ.

ನಮಗೆ ಗೊತ್ತಿರುವ ಒಂದು ಮನೆಯಲ್ಲಿ ಹೀಗಾಯಿತು. ಹುಡುಗನ ರಜೆ ಮುಗಿಯಲು ಹತ್ತು ದಿನ ಇತ್ತು. ಬ್ರೋಕರ್ ಹೇಳಿದ ಗ್ಯಾರೇಜಿನಲ್ಲೇ ಗಾಡಿ ತೋರಿಸಿದರು. ರಾತ್ರಿ ಹೊತ್ತು ಖಾಲಿ ಹೈವೇಯಲ್ಲಿ ಓಡಿಸಿ ನೋಡಿದರು, ಬೆಣ್ಣೆಯ ಹಾಗೆ ಹೋಯಿತು. "ಎಂತ ಆಗುದಿಲ್ಲ, ಗಾಡಿ ಒಳ್ಳೆದುಂಟು, ತೆಗೊಳ್ಳಿ" ಎಂದ ಮೆಕ್ಯಾನಿಕ್. ಹುಡುಗ ವಿಮಾನ ಹತ್ತಿದ ಮೇಲೆ ನಂತೂರು ಸರ್ಕಲ್‌ನ ಟ್ರಾಫಿಕ್‌ನಲ್ಲಿ ಕಾರು ನಡುಗತೊಡಗಿತು. ಗೇರ್‌ಬಾಕ್ಸಿನ ಕೆಲಸ. ಬಿಲ್ಲು ಬಂದಾಗ ಬ್ರೋಕರನ ಫೋನು ಸ್ವಿಚ್ ಆಫ್.

ಇಲ್ಲಿ ತಪ್ಪಿದ್ದು ಎಲ್ಲಿ? ಪೋಲೊ ಜಿಟಿ ಟಿಎಸ್‌ಐ 2013ರಲ್ಲಿ ಬಂದಾಗ ಅದಕ್ಕೆ 1.2 ಲೀಟರಿನ ಟರ್ಬೊ ಪೆಟ್ರೋಲ್ ಎಂಜಿನ್, 7 ಸ್ಪೀಡಿನ ಡಿಎಸ್‌ಜಿ ಗೇರ್‌ಬಾಕ್ಸ್ ಇತ್ತು. ಅದರಲ್ಲಿ ಎರಡು ಡ್ರೈ ಕ್ಲಚ್, ಅವನ್ನು ನಡೆಸಲು ಮೆಕಾಟ್ರಾನಿಕ್ ಎಂಬ ಒಂದು ಘಟಕ. ನಿಂತು ನಿಂತು ಹೋಗುವ ಟ್ರಾಫಿಕ್‌ನಲ್ಲಿ ಕ್ಲಚ್ ಬಿಸಿಯಾಗುತ್ತದೆ, ಸವೆಯುತ್ತದೆ. ಸವೆದದ್ದು ಗೊತ್ತಾಗುವುದೂ ಅಲ್ಲೇ, ಒಂದರಿಂದ ಎರಡನೇ ಗೇರಿಗೆ ಹೋಗುವಾಗ. ಹೈವೇಯ ವೇಗದಲ್ಲಿ ಅದು ಮುಚ್ಚಿಹೋಗುತ್ತದೆ. ಮೆಕಾಟ್ರಾನಿಕ್ ಹೋದರೆ ಖರ್ಚು ಲಕ್ಷ ರೂಪಾಯಿ ದಾಟುವುದು ಸಾಮಾನ್ಯ. 2020ರಲ್ಲಿ ಬಂದ 1 ಲೀಟರಿನ ಜಿಟಿಯಲ್ಲಿ ಈ ಗೇರ್‌ಬಾಕ್ಸ್ ಇಲ್ಲ, ಬದಲಿಗೆ 6 ಸ್ಪೀಡಿನ ಟಾರ್ಕ್ ಕನ್ವರ್ಟರ್ ಇದೆ. ಹೆಸರು ಒಂದೇ, ಒಳಗಿನ ಗಾಡಿ ಬೇರೆ.

ಮೆಕ್ಯಾನಿಕ್‌ನನ್ನು ಅಳೆಯಲು ಇದೇ ಒಳ್ಳೆಯ ಪ್ರಶ್ನೆ. "ಪೋಲೊ ಜಿಟಿ ನೋಡ್ಬೇಕಿತ್ತು, ಎಂತೆಂತ ನೋಡ್ತೀರಿ?" ಎಂದು ಫೋನಿನಲ್ಲಿ ಕೇಳಿ. ಬಲ್ಲವನು ಮೊದಲು "ಯಾವ ವರ್ಷದ್ದು? ಎಷ್ಟು ಓಡಿದೆ?" ಎಂದು ತಿರುಗಿ ಕೇಳುತ್ತಾನೆ. "ತನ್ನಿ, ನೋಡುವ" ಎಂದಷ್ಟೇ ಹೇಳುವವನನ್ನು ಬಿಟ್ಟು ಇನ್ನೊಬ್ಬನನ್ನು ಹುಡುಕಿ.

ಹುಡುಕುವುದು ಎಲ್ಲಿ? ಅದೇ ಮಾಡೆಲ್ ಕಾರನ್ನು ಮೂರು ನಾಲ್ಕು ವರ್ಷದಿಂದ ಓಡಿಸುತ್ತಿರುವವರನ್ನು ಕೇಳಿ. "ನಿಮ್ಮ ಗಾಡಿಗೆ ಕೆಲಸ ಬಂದಾಗ ಯಾರ ಹತ್ತಿರ ಹೋದ್ರಿ? ಎರಡನೇ ಸಲವೂ ಅವರ ಹತ್ತಿರವೇ ಹೋದ್ರಾ?" ಈ ಎರಡನೇ ಪ್ರಶ್ನೆಗೆ ಸಿಗುವ ಉತ್ತರವೇ ಮುಖ್ಯ. ಕಂಪೆನಿಯ ಸರ್ವಿಸ್ ಸೆಂಟರಿನಲ್ಲಿ ಕೆಲಸ ಮಾಡಿ ಹೊರಬಂದು ಸ್ವಂತ ಗ್ಯಾರೇಜ್ ಇಟ್ಟವರೂ ಇರುತ್ತಾರೆ. ಗ್ಯಾರೇಜಿಗೆ ಹೋದಾಗ ಸುತ್ತ ಒಮ್ಮೆ ನೋಡಿ. ಗಾಡಿ ಎತ್ತುವ ಲಿಫ್ಟ್ ಅಥವಾ ಕೆಳಗಿಳಿದು ನೋಡುವ ಹೊಂಡ ಇದೆಯಾ? ಆ ಕಂಪೆನಿಯ ಗಾಡಿಯನ್ನು ಪೂರ್ತಿ ಓದುವ ಸ್ಕ್ಯಾನರ್ ಇದೆಯಾ? ಅಂಥದೇ ಬೇರೆ ಕಾರುಗಳು ಅಲ್ಲಿ ರಿಪೇರಿಗೆ ನಿಂತಿವೆಯಾ?

ಇನ್ನು ಮುಖ್ಯವಾದದ್ದು, ಈ ವ್ಯಾಪಾರ ನಡೆದರೆ ಅವನಿಗೆ ಏನಾದರೂ ಸಿಗುತ್ತದಾ ಎಂಬುದು. ಮಾರುವವ ಹೇಳಿದ ಗ್ಯಾರೇಜ್ ಬೇಡ, ಬ್ರೋಕರನ ಸ್ನೇಹಿತ ಬೇಡ, ಆ ಗಾಡಿಯನ್ನು ಈವರೆಗೆ ರಿಪೇರಿ ಮಾಡುತ್ತಿದ್ದವನೂ ಬೇಡ. ಕಮಿಷನ್ ಇರುವ ಕಡೆ ನಾಲಿಗೆ ಬಾಗುತ್ತದೆ. ಒಳ್ಳೆಯವನಾದರೂ ಮುಲಾಜಿಗೆ ಬೀಳುತ್ತಾನೆ.

ಮುಲಾಜು ನಮ್ಮ ಕಡೆಯಿಂದಲೂ ಆಗಬಾರದು. ಸಂಬಂಧಿಕ ಎಂದು ಹಣ ಕೊಡದೆ, ಒಂದು ಚಾಯ ಕುಡಿಸಿ ಗಾಡಿ ತೋರಿಸುವ ರೂಢಿ ನಮ್ಮಲ್ಲಿ ಇದೆ. ಪುಕ್ಕಟೆ ಕೆಲಸ ಹತ್ತು ನಿಮಿಷದ ಕೆಲಸ. ಬಾನೆಟ್ ಎತ್ತಿ, ಆಕ್ಸಿಲರೇಟರ್ ಒತ್ತಿ, "ಓಕೆ" ಎಂದು ಮುಗಿಯುತ್ತದೆ. ಮೊದಲೇ ಕೂಲಿ ಮಾತಾಡಿ. "ಗಾಡಿ ತೆಗೊಂಡ್ರೂ ತೆಗೊಳ್ಳದಿದ್ರೂ ನಿಮ್ಮ ಹಣ ನಿಮಗೆ" ಎಂದು ಸ್ಪಷ್ಟವಾಗಿ ಹೇಳಿ. ಆಗ ಮಾತ್ರ ಅವನಿಗೆ "ಬೇಡ" ಎನ್ನುವ ಸ್ವಾತಂತ್ರ್ಯ ಬರುತ್ತದೆ.

ಒಳ್ಳೆಯ ಮೆಕ್ಯಾನಿಕ್‌ನ ಕೆಲಸ ಹೇಗಿರುತ್ತದೆ ಎಂದು ತಿಳಿದಿದ್ದರೆ ಪಕ್ಕದಲ್ಲಿ ನಿಂತು ನೋಡಬಹುದು. ಎಂಜಿನ್ ತಣ್ಣಗಿರುವಾಗಲೇ ಸ್ಟಾರ್ಟ್ ಮಾಡಿಸುತ್ತಾನೆ. ಮಾರುವವ ಮೊದಲೇ ಬಿಸಿ ಮಾಡಿಟ್ಟಿದ್ದರೆ ಶಬ್ದ, ಹೊಗೆ ಮುಚ್ಚಿಹೋಗುತ್ತದೆ ಎಂದು ಅವನಿಗೆ ಗೊತ್ತು. ಸ್ಕ್ಯಾನರ್ ಹಾಕಿ ಹಳೆಯ ದೋಷಗಳನ್ನು ಓದುತ್ತಾನೆ, ಅವುಗಳನ್ನು ನಿನ್ನೆ ಮೊನ್ನೆ ಅಳಿಸಿದ್ದಾರೋ ಎಂದೂ ನೋಡುತ್ತಾನೆ. ಸ್ಪೋರ್ಟ್ಸ್ ಗಾಡಿಯಾದರೆ ರೀಮ್ಯಾಪ್ ಆಗಿದೆಯೋ ಎಂದು ಹುಡುಕುತ್ತಾನೆ. ಕಂಪ್ಯೂಟರ್ ಪ್ರೋಗ್ರಾಂ ಬದಲಿಸಿ ಎಂಜಿನ್ನಿನ ಬಲ ಏರಿಸುವ ಈ ಕೆಲಸ ಕ್ಲಚ್‌ನ, ಟರ್ಬೊದ ಆಯುಸ್ಸು ತಿನ್ನುತ್ತದೆ. ಮಾರುವ ಮೊದಲು ಸೈಲೆನ್ಸರ್ ಹಳೆಯದನ್ನೇ ಹಾಕಿಟ್ಟರೂ ಸಡಿಲಿಸಿದ ಬೋಲ್ಟುಗಳ ಗುರುತು ಉಳಿದಿರುತ್ತದೆ.

ಪೇಂಟಿನ ದಪ್ಪ ಅಳೆಯುವ ಮೀಟರ್ ಇದ್ದರೆ ಅಪಘಾತ ಆಗಿ ಪುಟ್ಟಿ ಹಾಕಿದ ಜಾಗ ಗೊತ್ತಾಗುತ್ತದೆ. ಟಯರಿನ ಮೇಲಿನ ನಾಲ್ಕು ಅಂಕಿಗಳನ್ನು ಓದುತ್ತಾನೆ. 2319 ಎಂದಿದ್ದರೆ 2019ರ 23ನೇ ವಾರ ತಯಾರಾದದ್ದು. ಸೀಟ್ ಬೆಲ್ಟನ್ನು ಪೂರ್ತಿ ಎಳೆದು ಕೆಸರಿನ ಗೆರೆ ಹುಡುಕುತ್ತಾನೆ, ಕಾರ್ಪೆಟ್ ಎತ್ತಿ ಸೀಟಿನ ಹಳಿಗಳ ತುಕ್ಕು ನೋಡುತ್ತಾನೆ. ನೆರೆಯಲ್ಲಿ ಮುಳುಗಿದ ಗಾಡಿಗಳು ತೊಳೆದು ಹೊಳಪು ಮಾಡಿಸಿಕೊಂಡು ಬೇರೆ ಊರಿಗೆ ಮಾರಾಟಕ್ಕೆ ಬರುತ್ತವೆ. 2018ರ ಕೇರಳದ ನೆರೆ ನಮ್ಮ ಗಡಿಯ ಆಚೆಯೇ ಆದದ್ದು. ಕರಾವಳಿಯ ಮಳೆ, ಉಪ್ಪುಗಾಳಿಗೆ ಗಾಡಿಯ ಅಡಿಭಾಗವೂ ಬೇಗ ತುಕ್ಕು ಹಿಡಿಯುತ್ತದೆ. ಲಿಫ್ಟಿಗೆ ಏರಿಸದೆ ಇದು ಕಾಣುವುದಿಲ್ಲ. ಕೊನೆಗೆ ಟ್ರಾಫಿಕ್‌ನಲ್ಲಿ, ಏರಿನಲ್ಲಿ, ರಿವರ್ಸಿನಲ್ಲಿ ಓಡಿಸಿ ನೋಡುತ್ತಾನೆ.

ಇಷ್ಟಾದ ಮೇಲೆ ವರದಿಯನ್ನು ಬರೆದು ಕೊಡಲು ಹೇಳಿ, ಫೋಟೊ ಸಹಿತ. ಈಗಲೇ ಮಾಡಬೇಕಾದ ಕೆಲಸ ಯಾವುದು, ವರ್ಷದೊಳಗೆ ಬರುವುದು ಯಾವುದು, ಖರ್ಚು ಅಂದಾಜು ಎಷ್ಟು. ಹುಡುಗ ಗಲ್ಫ್‌ನಲ್ಲೇ ಇದ್ದು ಇಲ್ಲಿ ಉಪ್ಪನೋ ತಮ್ಮನೋ ಕೊಳ್ಳುವುದಾದರೆ ಈ ಕಾಗದ ಇನ್ನೂ ಅಗತ್ಯ. ವಾಟ್ಸ್ಆ್ಯಪ್‌ನಲ್ಲಿ ಕಳಿಸಿದರೆ ಅವನೇ ಓದುತ್ತಾನೆ, ನಾಳೆ ಮನೆಯೊಳಗೆ ಒಬ್ಬರ ಮೇಲೊಬ್ಬರು ಹೇಳುವ ಪ್ರಮೇಯ ಬರುವುದಿಲ್ಲ. "ಗೇರ್‌ಬಾಕ್ಸ್ ಬಿಚ್ಚದೆ ಇದಕ್ಕಿಂತ ಹೆಚ್ಚು ಹೇಳಲಿಕ್ಕೆ ಆಗುದಿಲ್ಲ" ಎಂದು ತನ್ನ ಮಿತಿ ಹೇಳುವವನನ್ನು ನಂಬಿ. "ಗ್ಯಾರಂಟಿ, ಐದು ವರ್ಷ ಕೈ ಹಾಕ್ಲಿಕ್ಕಿಲ್ಲ" ಎನ್ನುವವನ ಮಾತನ್ನು ಅಲ್ಲೇ ಬಿಟ್ಟು ಬನ್ನಿ.

ಅಡ್ವಾನ್ಸ್ ಕೊಡುವುದು ವರದಿ ಬಂದ ಮೇಲೆ. ಮೊದಲೇ ಕೊಡಬೇಕಾಗಿ ಬಂದರೆ "ಪರೀಕ್ಷೆಯಲ್ಲಿ ದೋಷ ಕಂಡರೆ ಹಣ ವಾಪಸ್" ಎಂದು ಬರೆಸಿಕೊಳ್ಳಿ. ನಮ್ಮ ಮೆಕ್ಯಾನಿಕ್‌ಗೆ ತೋರಿಸಲು ಮಾರುವವ ಒಪ್ಪದಿದ್ದರೆ ಅದೇ ಉತ್ತರ, ಮುಂದೆ ಮಾತು ಬೇಡ.

ಇಷ್ಟೆಲ್ಲ ಮಾಡಿಸಿ, ಮೆಕ್ಯಾನಿಕ್ "ಇದು ಬೇಡ" ಎಂದಾಗ ಮನೆಯಲ್ಲಿ ಮುಖ ಸಪ್ಪೆಯಾಗುತ್ತದೆ. ಹುಡುಗನಿಗೆ ಬಣ್ಣ ಇಷ್ಟವಾಗಿದೆ, ರಜೆ ಮುಗಿಯುತ್ತಿದೆ. "ಹಣ ಕೊಟ್ಟು ಎಂತ ಸಿಕ್ಕಿತು?" ಎಂದೂ ಅನಿಸುತ್ತದೆ. ಸಿಕ್ಕಿದ್ದು ಉಳಿದ ಲಕ್ಷಗಳು. ಅವನ ಕೂಲಿಯನ್ನು ಚೌಕಾಸಿ ಮಾಡದೆ ಕೊಡಿ, ನಂಬರ್ ಇಟ್ಟುಕೊಳ್ಳಿ. ಮುಂದಿನ ರಜೆಗೂ ಗಾಡಿಗಳು ಸಿಗುತ್ತವೆ. "ಬೇಡ" ಎಂದು ಮುಖಕ್ಕೆ ಹೇಳುವವರು ಸಿಗುವುದು ಅಪರೂಪ.