ಶೋಳಿಂಗನಲ್ಲೂರ್‌ನಲ್ಲಿ ಮೊದಲ ಫ್ಲಾಟ್ ಖರೀದಿ: ಚೌಕಾಸಿಗೆ ಕೂರುವ ಮುನ್ನ ಈ ಲೆಕ್ಕ ಗೊತ್ತಿರಲಿ

ಚೆನ್ನೈ: ಬೆಂಗಳೂರಿಗೆ ವೈಟ್‌ಫೀಲ್ಡ್ ಹೇಗೋ ಚೆನ್ನೈಗೆ ಹಳೆ ಮಹಾಬಲಿಪುರಂ ರಸ್ತೆ (ಓಎಂಆರ್) ಹಾಗೆ. ಈ ರಸ್ತೆಯಲ್ಲಿರುವ ಶೋಳಿಂಗನಲ್ಲೂರ್‌ನಲ್ಲಿ ಎಲ್ಕಾಟ್ ವಿಶೇಷ ಆರ್ಥಿಕ ವಲಯವಿದೆ, ದೊಡ್ಡ ಐಟಿ ಕಂಪನಿಗಳ ಕಚೇರಿಗಳಿವೆ, ಸುತ್ತ ಅಪಾರ್ಟ್‌ಮೆಂಟ್‌ಗಳ ಸಾಲಿದೆ. ಬಾಡಿಗೆಗೆ ಕೊಡಲೆಂದು ಮೊದಲ ಫ್ಲಾಟ್ ಹುಡುಕುವವರ ಕಣ್ಣು ಇಲ್ಲಿ ಬೀಳುವುದು ಸಹಜ.

'ಮೆಟ್ರೋ ಬರ್ತಿದೆ, ಈಗಲೇ ಅಡ್ವಾನ್ಸ್ ಕೊಟ್ಟುಬಿಡಿ' ಎಂಬುದು ಇಲ್ಲಿ ಕೇಳಿಬರುವ ಮಾತು. ಮಾತೇನೋ ಸುಳ್ಳಲ್ಲ. ಚೆನ್ನೈ ಮೆಟ್ರೋ 2ನೇ ಹಂತದ ಎರಡು ಮಾರ್ಗಗಳು ಶೋಳಿಂಗನಲ್ಲೂರ್‌ಗೆ ಬರುತ್ತವೆ. ಒಟ್ಟು 118.9 ಕಿ.ಮೀ. ಉದ್ದದ ಈ ಹಂತಕ್ಕೆ ಕೇಂದ್ರ ಸಂಪುಟ 2024ರ ಅಕ್ಟೋಬರ್‌ನಲ್ಲಿ 63,246 ಕೋಟಿ ರೂ. ವೆಚ್ಚದಲ್ಲಿ ಒಪ್ಪಿಗೆ ಕೊಟ್ಟಿದೆ. ಆದರೆ ಈ ಸುದ್ದಿ ಕೊಳ್ಳುವವನಿಗೆ ಗೊತ್ತಿರುವಷ್ಟೇ ಮಾರುವವನಿಗೂ ಗೊತ್ತು. ಮೆಟ್ರೋ ಹೆಸರಿನಲ್ಲಿ ಏರಬೇಕಾದ ಬೆಲೆಯ ಒಂದು ಪಾಲು ಅವನು ಹೇಳುವ ದರದಲ್ಲಿ ಆಗಲೇ ಸೇರಿರುತ್ತದೆ. ಹಾಗಾದರೆ ಹೊಸಬನಿಗೆ ಲಾಭದ ವ್ಯವಹಾರ ಸಿಗುವುದೆಲ್ಲಿ? ಮಾತಿನ ಜಾಣ್ಮೆಯಲ್ಲಲ್ಲ, ಬಾಡಿಗೆಯ ಲೆಕ್ಕದಲ್ಲಿ ಮತ್ತು ಕಾಗದಪತ್ರದಲ್ಲಿ.

ಬೆಲೆಯನ್ನು ಬಾಡಿಗೆಯಿಂದ ಅಳೆಯಿರಿ

ಒಂದು ಉದಾಹರಣೆ ನೋಡೋಣ. ಹಳೆಯ ಫ್ಲಾಟ್‌ಗೆ ಮಾಲೀಕರು 80 ಲಕ್ಷ ರೂ. ಹೇಳಿದ್ದಾರೆ ಎಂದಿಟ್ಟುಕೊಳ್ಳಿ. ತಮಿಳುನಾಡಿನಲ್ಲಿ ಮರುಮಾರಾಟದ ಆಸ್ತಿಗೆ ಮುದ್ರಾಂಕ ಶುಲ್ಕ ಶೇ. 7, ನೋಂದಣಿ ಶುಲ್ಕ ಶೇ. 2. ಅಂದರೆ 7.2 ಲಕ್ಷ ರೂ. ಬ್ರೋಕರ್‌ಗೆ ಶೇ. 1 ಎಂದರೂ 80 ಸಾವಿರ. ಕೈಬಿಡುವ ಒಟ್ಟು ಹಣ 88 ಲಕ್ಷ.

ಆ ಫ್ಲಾಟ್‌ಗೆ ತಿಂಗಳಿಗೆ 25 ಸಾವಿರ ಬಾಡಿಗೆ ಬಂದರೆ ವರ್ಷಕ್ಕೆ 3 ಲಕ್ಷ. ಮೇಂಟೆನೆನ್ಸ್ ತಿಂಗಳಿಗೆ 4 ಸಾವಿರದಂತೆ 48 ಸಾವಿರ ಕಳೆಯಿರಿ, ವರ್ಷದಲ್ಲಿ ಒಂದು ತಿಂಗಳು ಮನೆ ಖಾಲಿ ಎಂದು 25 ಸಾವಿರ ಕಳೆಯಿರಿ. ಉಳಿಯುವುದು 2.27 ಲಕ್ಷ. ಹಾಕಿದ ಹಣಕ್ಕೆ ಶೇ. 2.6ರಷ್ಟು ಮಾತ್ರ. ಗೃಹಸಾಲದ ಬಡ್ಡಿ ಇದಕ್ಕಿಂತ ಎಷ್ಟೋ ಹೆಚ್ಚು. ವ್ಯತ್ಯಾಸವನ್ನು ಪ್ರತಿ ತಿಂಗಳು ಸಂಬಳದಿಂದ ತುಂಬಬೇಕು.

ಈಗ ಇದೇ ಲೆಕ್ಕವನ್ನು ಹಿಂದಿನಿಂದ ಮಾಡಿ. ಕನಿಷ್ಠ ಶೇ. 3 ಆದಾಯ ಬೇಕೆಂದರೆ ಒಟ್ಟು ಖರ್ಚು ಸುಮಾರು 75.7 ಲಕ್ಷ ಮೀರಬಾರದು. ಶುಲ್ಕ, ದಲ್ಲಾಳಿ ಕಮಿಷನ್ ತೆಗೆದರೆ ಫ್ಲಾಟ್‌ನ ಬೆಲೆ 69 ಲಕ್ಷದ ಆಸುಪಾಸು. ಚೌಕಾಸಿಗೆ ಕೂರುವಾಗ ಕೈಯಲ್ಲಿರಬೇಕಾದ ಅಂಕಿ ಇದು. 'ಸ್ವಲ್ಪ ಕಡಿಮೆ ಮಾಡಿ' ಎನ್ನುವುದಕ್ಕೂ 'ಈ ಬಾಡಿಗೆಗೆ ಈ ಬೆಲೆ ಹೊಂದುವುದಿಲ್ಲ' ಎನ್ನುವುದಕ್ಕೂ ವ್ಯತ್ಯಾಸವಿದೆ. ಬಾಡಿಗೆ ಎಷ್ಟು ಎಂಬುದನ್ನು ಮಾಲೀಕರಿಂದಲ್ಲ, ಅದೇ ಕಟ್ಟಡದ ಬಾಡಿಗೆದಾರರಿಂದ ಕೇಳಿ ತಿಳಿಯಬೇಕು. ನೀರಿನ ಟ್ಯಾಂಕರ್‌ಗೆ ತಿಂಗಳಿಗೆ ಎಷ್ಟು ಹೋಗುತ್ತದೆ ಎಂಬುದನ್ನೂ ಕೇಳಬೇಕು. ಓಎಂಆರ್‌ನ ಎಷ್ಟೋ ಅಪಾರ್ಟ್‌ಮೆಂಟ್‌ಗಳು ಟ್ಯಾಂಕರ್ ನೀರನ್ನೇ ನೆಚ್ಚಿಕೊಂಡಿವೆ.

ತೀರಾ ಕಡಿಮೆಯಾದರೂ ತೊಂದರೆ

ಇಲ್ಲಿ ಹೊಸಬರು ಮರೆಯುವ ಒಂದು ವಿಷಯವಿದೆ. ಸರ್ಕಾರದ ಮಾರ್ಗಸೂಚಿ ಬೆಲೆಗಿಂತ ಶೇ. 10ಕ್ಕೂ ಹೆಚ್ಚು ಕಡಿಮೆಗೆ ಆಸ್ತಿ ಕೊಂಡರೆ, ಆ ವ್ಯತ್ಯಾಸ 50 ಸಾವಿರ ರೂ. ದಾಟಿದಲ್ಲಿ, ಅದನ್ನು ಕೊಂಡವರ ಆದಾಯವೆಂದೇ ಪರಿಗಣಿಸಿ ತೆರಿಗೆ ಹಾಕಲಾಗುತ್ತದೆ. ಹಾಗಾಗಿ ತಮಿಳುನಾಡು ನೋಂದಣಿ ಇಲಾಖೆಯ ಜಾಲತಾಣದಲ್ಲಿ ಆ ಬೀದಿಯ ಮಾರ್ಗಸೂಚಿ ಬೆಲೆಯನ್ನು ಮೊದಲೇ ನೋಡಿಕೊಳ್ಳಬೇಕು. 'ಅರ್ಧ ವೈಟ್, ಅರ್ಧ ಬ್ಲ್ಯಾಕ್' ಎಂಬ ಮಾತಿಗೆ ಒಪ್ಪಲೇಬಾರದು. ಆಸ್ತಿ ವ್ಯವಹಾರದಲ್ಲಿ 20 ಸಾವಿರ ರೂ. ಅಥವಾ ಅದಕ್ಕಿಂತ ಹೆಚ್ಚಿನ ಮುಂಗಡವನ್ನು ನಗದಾಗಿ ಪಡೆಯುವುದಕ್ಕೆ ಕಾನೂನಿನ ತಡೆಯಿದೆ. ಬೆಲೆ 50 ಲಕ್ಷ ಅಥವಾ ಅದಕ್ಕಿಂತ ಹೆಚ್ಚಿದ್ದರೆ ಶೇ. 1ರಷ್ಟು ಟಿಡಿಎಸ್ ಕಡಿತ ಮಾಡಿ ಕಟ್ಟುವ ಹೊಣೆ ಕೊಳ್ಳುವವರದು. ಮಾರುವವರು ಅನಿವಾಸಿ ಭಾರತೀಯರಾದರೆ ಈ ದರ ಬಹಳ ಹೆಚ್ಚು.

ನೀರು ಬರುವ ದಾರಿ ನೋಡಿ

ಶೋಳಿಂಗನಲ್ಲೂರ್‌ಗೆ ಹತ್ತಿರದಲ್ಲೇ ಪಳ್ಳಿಕರಣೈ ಜೌಗು ಪ್ರದೇಶವಿದೆ. 2022ರಲ್ಲಿ ಇದು ರಾಮ್ಸರ್ ಪಟ್ಟಿಗೆ ಸೇರಿತು. ದಕ್ಷಿಣ ಚೆನ್ನೈನ ಮಳೆನೀರು ಇಲ್ಲಿಗೆ ಬಂದು, ಒಕ್ಕಿಯಂ ಮಡುವಿನ ಮೂಲಕ ಬಕಿಂಗ್‌ಹ್ಯಾಮ್ ಕಾಲುವೆ ಸೇರಿ ಸಮುದ್ರಕ್ಕೆ ಹರಿಯುತ್ತದೆ. 2015ರ ಪ್ರವಾಹ ಮತ್ತು 2023ರ ಡಿಸೆಂಬರ್‌ನ ಮಿಚಾಂಗ್ ಚಂಡಮಾರುತದಲ್ಲಿ ಈ ಭಾಗದ ಬಡಾವಣೆಗಳಿಗೆ ನೀರು ನುಗ್ಗಿತ್ತು. ಜೌಗು ಪ್ರದೇಶದ ಸುತ್ತ ಒಂದು ಕಿ.ಮೀ. ವ್ಯಾಪ್ತಿಯಲ್ಲಿ ಹೊಸ ಕಟ್ಟಡಗಳಿಗೆ ಅನುಮತಿ ಕೊಡದಂತೆ ಹಸಿರು ನ್ಯಾಯಮಂಡಳಿ 2025ರಲ್ಲಿ ಸೂಚಿಸಿತ್ತು. ಕಟ್ಟುತ್ತಿರುವ ಪ್ರಾಜೆಕ್ಟ್‌ನಲ್ಲಿ ಹಣ ಹಾಕುವ ಮುನ್ನ ಆ ಜಾಗ ಎಲ್ಲಿ ಬರುತ್ತದೆ, ಅನುಮತಿ ಈಗ ಯಾವ ಸ್ಥಿತಿಯಲ್ಲಿದೆ ಎಂದು ತಿಳಿಯುವುದು ಕಡ್ಡಾಯ.

ಮಳೆಗಾಲದಲ್ಲಿ ಒಮ್ಮೆ ಹೋಗಿ ನೋಡುವುದು ಒಳ್ಳೆಯದು. ಆಗದಿದ್ದರೆ ಸೆಕ್ಯುರಿಟಿಯವರನ್ನೋ ಎದುರಿನ ಅಂಗಡಿಯವರನ್ನೋ ಕೇಳಿದರೆ 2023ರಲ್ಲಿ ನೀರು ಎಲ್ಲಿಯವರೆಗೆ ಬಂದಿತ್ತು ಎಂದು ಹೇಳುತ್ತಾರೆ. ಬೇಸ್‌ಮೆಂಟ್ ಪಾರ್ಕಿಂಗ್ ಮುಳುಗಿದ್ದು ನಿಜವಾದರೆ ಬೆಲೆ ಇಳಿಸಲು ಅದಕ್ಕಿಂತ ಗಟ್ಟಿ ಕಾರಣ ಬೇಕಿಲ್ಲ.

ಖಾತಾ ಅಲ್ಲ, ಪಟ್ಟಾ

ಕರ್ನಾಟಕದವರಿಗೆ ಪಹಣಿ, ಖಾತಾ ಗೊತ್ತು. ತಮಿಳುನಾಡಿನಲ್ಲಿ ಕೇಳಬೇಕಾದ್ದು ಜಮೀನಿನ ಪಟ್ಟಾ, ಮೂಲ ಕ್ರಯಪತ್ರ, ಋಣಭಾರ ಪ್ರಮಾಣಪತ್ರ (ಇಸಿ), ಚೆನ್ನೈ ಮಹಾನಗರ ಅಭಿವೃದ್ಧಿ ಪ್ರಾಧಿಕಾರದ (ಸಿಎಂಡಿಎ) ನಕ್ಷೆ ಮಂಜೂರಾತಿ ಮತ್ತು ಕಟ್ಟಡ ಪೂರ್ಣಗೊಂಡ ಪ್ರಮಾಣಪತ್ರ. ಹಳೆಯ ದಾಖಲೆಗಳು ಸಾಮಾನ್ಯವಾಗಿ ತಮಿಳಿನಲ್ಲಿರುತ್ತವೆ. ಓದಿ ಹೇಳಲು ಬ್ರೋಕರ್ ಸಾಲದು, ಕೊಳ್ಳುವವರೇ ಗೊತ್ತುಮಾಡಿಕೊಂಡ ವಕೀಲರು ಬೇಕು. ಇಸಿಯಲ್ಲಿ ಕಾಣುವುದು ನೋಂದಣಿಯಾದ ವ್ಯವಹಾರ ಮಾತ್ರ. ನೋಂದಣಿ ಆಯಿತೆಂದ ಮಾತ್ರಕ್ಕೆ ಒಡೆತನ ಪಕ್ಕಾ ಎಂದೂ ಅಲ್ಲ.

ಚೆನ್ನೈನಲ್ಲಿ ಮರೆಯದೆ ಕೇಳಬೇಕಾದ ಮತ್ತೊಂದು ಪದ ಯುಡಿಎಸ್. ಫ್ಲಾಟ್ ಜೊತೆ ಬರುವ ಜಮೀನಿನ ಅವಿಭಜಿತ ಪಾಲು ಇದು. ಕಟ್ಟಡ ಹಳತಾದಂತೆ ಅದರ ಬೆಲೆ ಇಳಿಯುತ್ತದೆ, ಉಳಿಯುವುದು ನೆಲದ ಬೆಲೆ. ಒಂದೇ ಅಳತೆಯ ಎರಡು ಫ್ಲಾಟ್‌ಗಳಲ್ಲಿ ಒಂದಕ್ಕೆ 400 ಚದರ ಅಡಿ, ಇನ್ನೊಂದಕ್ಕೆ 250 ಚದರ ಅಡಿ ಪಾಲಿದ್ದರೆ ಎರಡಕ್ಕೂ ಒಂದೇ ದರ ಕೊಡುವುದರಲ್ಲಿ ಅರ್ಥವಿಲ್ಲ.

ಚೌಕಾಸಿ ಬೆಲೆಗಷ್ಟೇ ಅಲ್ಲ

ವಿದೇಶಕ್ಕೆ ಹೊರಟವರು, ಬೇರೆ ಊರಿಗೆ ವರ್ಗವಾದವರು, ಖಾಲಿ ಫ್ಲಾಟ್‌ಗೆ ಇಎಂಐ ಕಟ್ಟುತ್ತಿರುವವರು ಬೆಲೆಗಿಂತ ಸಮಯಕ್ಕೆ ಹೆಚ್ಚು ಬೆಲೆ ಕೊಡುತ್ತಾರೆ. ಬ್ಯಾಂಕ್ ಸಾಲಕ್ಕೆ ಮೊದಲೇ ಒಪ್ಪಿಗೆ ಪಡೆದು 'ಬೇಗ ನೋಂದಣಿ ಮಾಡಿಸಿಕೊಳ್ಳುತ್ತೇವೆ' ಎನ್ನುವವರಿಗೆ ಇಂಥಲ್ಲಿ ಬಲ ಹೆಚ್ಚು. ಬೆಲೆ ಇಳಿಯದಿದ್ದರೆ ಪಾರ್ಕಿಂಗ್, ಕಪಾಟುಗಳು, ಬಾಕಿ ಮೇಂಟೆನೆನ್ಸ್ ಬಗ್ಗೆ ಮಾತಾಡಬಹುದು.

ಬ್ಯಾಂಕ್ ಹರಾಜಿನ ಫ್ಲಾಟ್ ಅಗ್ಗವೆನಿಸಬಹುದು. ಆದರೆ ಗೆದ್ದವರು ಶೇ. 25ರಷ್ಟು ಹಣವನ್ನು ಅಂದೇ ಅಥವಾ ಮರುದಿನದ ಕೆಲಸದ ವೇಳೆಗೆ ಕಟ್ಟಬೇಕು, ಉಳಿದದ್ದಕ್ಕೆ ಸಾಮಾನ್ಯವಾಗಿ 15 ದಿನ. ಒಳಗೆ ವಾಸವಿರುವವರನ್ನು ಬಿಡಿಸುವ ತಲೆನೋವೂ ಸೇರಬಹುದು. ಮೊದಲ ಖರೀದಿಗೆ ಇದು ಸುಲಭದ ದಾರಿಯಲ್ಲ.

ಕೊನೆಯದಾಗಿ ಅಡ್ವಾನ್ಸ್. ಟೋಕನ್ ಹಣ ಚಿಕ್ಕದಿರಲಿ, ಬ್ಯಾಂಕ್ ಮೂಲಕವೇ ಹೋಗಲಿ. ದಾಖಲೆಯಲ್ಲಿ ದೋಷ ಕಂಡರೆ ಅಥವಾ ಸಾಲ ಸಿಗದಿದ್ದರೆ ಹಣ ಇಷ್ಟು ದಿನದಲ್ಲಿ ವಾಪಸ್ ಎಂಬ ಸಾಲು ಕರಾರಿನಲ್ಲಿ ಇರಲೇಬೇಕು. ಹೊಸ ಪ್ರಾಜೆಕ್ಟ್ ಆದರೆ ರೇರಾ ಕಾಯ್ದೆ ಪ್ರಕಾರ, ಕರಾರು ನೋಂದಣಿಗೆ ಮುನ್ನ ಬಿಲ್ಡರ್ ಶೇ. 10ಕ್ಕಿಂತ ಹೆಚ್ಚು ಹಣ ಕೇಳುವಂತಿಲ್ಲ. 'ನಾಳೆ ಬೇರೆಯವರು ತಗೊಂಡುಬಿಡ್ತಾರೆ' ಎಂದು ಅವಸರಪಡಿಸಿದರೆ ತಗೊಳ್ಳಲಿ ಬಿಡಿ. ಕೈತಪ್ಪಿದ ಫ್ಲಾಟ್‌ಗೆ ಬದಲಿ ಫ್ಲಾಟ್ ಇದೆ. ತಗಾದೆಯ ಆಸ್ತಿಯಲ್ಲಿ ಸಿಕ್ಕಿಬಿದ್ದ ವರ್ಷಗಳ ಉಳಿತಾಯಕ್ಕೆ ಬದಲಿ ಇಲ್ಲ.