ಪ್ರೊಸೆಸರ್ ದುಡಿಯುತ್ತಿದೆಯೋ, ಕಾಯುತ್ತಿದೆಯೋ?

ನೂರಾರು ಕಂಪ್ಯೂಟರ್‌ಗಳನ್ನು ವೇಗದ ಜಾಲದಿಂದ ಬೆಸೆದು ಒಂದೇ ಯಂತ್ರದಂತೆ ದುಡಿಸುವುದು ಇಂದಿನ ಸೂಪರ್‌ಕಂಪ್ಯೂಟರ್‌ಗಳ ರೀತಿ. ಹೀಗೆ ಬೆಸೆದ ಒಂದೊಂದು ಘಟಕವೂ ಒಂದು ನೋಡ್. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 2022ರಲ್ಲಿ ಕಾರ್ಯಾರಂಭ ಮಾಡಿದ ‘ಪರಮ್ ಪ್ರವೇಗ’ ಇಂಥದ್ದು. ಅದರ ಗರಿಷ್ಠ ವೇಗ 3.3 ಪೆಟಾಫ್ಲಾಪ್, ಅಂದರೆ ಸೆಕೆಂಡಿಗೆ 3,300 ಲಕ್ಷ ಕೋಟಿ ಲೆಕ್ಕ. ಈ ಗರಿಷ್ಠ ವೇಗದಲ್ಲಿ ಎಷ್ಟು ಪಾಲು ನಿಜವಾಗಿ ಕೈಗೆ ಸಿಗುತ್ತದೆ ಎಂಬುದು ಪ್ರೊಸೆಸರ್‌ನ ದುಡಿಮೆಯನ್ನೂ ಅದರ ಪಕ್ಕದ ಚಿಕ್ಕ ವೇಗದ ಸ್ಮೃತಿಯಾದ ಕ್ಯಾಶ್‌ನ ಸಂಚಾರವನ್ನೂ ಒಟ್ಟಿಗೆ ಅಳೆದಾಗ ಸ್ಪಷ್ಟವಾಗುತ್ತದೆ.

ಬೆಂಗಳೂರಿಗೆ ಈ ಬಗೆಯ ಯಂತ್ರ ಹೊಸದಲ್ಲ. ವೈಮಾನಿಕ ವಿಜ್ಞಾನಿ ರೊದ್ದಂ ನರಸಿಂಹ ಅವರು ಇಲ್ಲಿನ ರಾಷ್ಟ್ರೀಯ ವೈಮಾನಿಕ ಪ್ರಯೋಗಾಲಯದ (ಎನ್‌ಎಎಲ್) ನಿರ್ದೇಶಕರಾಗಿದ್ದಾಗ, 1986ರಲ್ಲಿ, ಯು.ಎನ್. ಸಿನ್ಹಾ ನೇತೃತ್ವದ ತಂಡ ‘ಫ್ಲೋಸಾಲ್ವರ್’ ಎಂಬ ಸಮಾಂತರ ಕಂಪ್ಯೂಟರನ್ನು ಕಟ್ಟಿತು. ದ್ರವ ಮತ್ತು ಅನಿಲಗಳ ಹರಿವಿನ ಸಮೀಕರಣಗಳನ್ನು ಬಿಡಿಸುವುದು ಅದರ ಉದ್ದೇಶ. ಮುಂದೆ ಅದರ ನಂತರದ ಮಾದರಿಗಳು ಮುಂಗಾರಿನ ಮುನ್ಸೂಚನೆಯ ಲೆಕ್ಕಕ್ಕೂ ಬಳಕೆಯಾದವು. ಮೊದಲ ಮಾದರಿಯಲ್ಲಿದ್ದ ಇಂಟೆಲ್ 8086 ಚಿಪ್ಪಿನಲ್ಲಿ ಕ್ಯಾಶ್ ಇರಲೇ ಇಲ್ಲ. ಆಗ ಪ್ರೊಸೆಸರ್‌ನ ವೇಗಕ್ಕೂ ಸ್ಮೃತಿಯ ವೇಗಕ್ಕೂ ಈಗಿನಷ್ಟು ಅಂತರವಿರಲಿಲ್ಲ.

ಅಂತರ ಬೆಳೆದಂತೆ ಕ್ಯಾಶ್ ಅನಿವಾರ್ಯವಾಯಿತು. ದೊಡ್ಡ ನಿಧಾನ ಸ್ಮೃತಿಯ ಮುಂದೆ ಚಿಕ್ಕದೊಂದು ವೇಗದ ಸ್ಮೃತಿಯನ್ನು ಇಡುವ ವಿಚಾರವನ್ನು ಬ್ರಿಟಿಷ್ ಕಂಪ್ಯೂಟರ್ ವಿಜ್ಞಾನಿ ಮಾರಿಸ್ ವಿಲ್ಕ್ಸ್ 1965ರಲ್ಲಿ ಪ್ರಕಟಿಸಿದರು. 1968ರಲ್ಲಿ ಐಬಿಎಂ ಘೋಷಿಸಿದ ಸಿಸ್ಟಮ್/360 ಮಾಡೆಲ್ 85ರಲ್ಲಿ ಅದು ಮಾರುಕಟ್ಟೆಗೆ ಬಂದಿತು. ಪ್ರವೇಗದಲ್ಲಿರುವ ಇಂಟೆಲ್ ಕ್ಯಾಸ್ಕೇಡ್ ಲೇಕ್ ಪ್ರೊಸೆಸರ್‌ನಲ್ಲಿ ಕ್ಯಾಶ್ ಮೂರು ಹಂತದ್ದು. ಚಿಪ್ಪಿನೊಳಗೆ ಲೆಕ್ಕ ಮಾಡುವ ಪ್ರತಿ ಘಟಕಕ್ಕೂ, ಅಂದರೆ ಕೋರ್‌ಗೂ, ದತ್ತಾಂಶಕ್ಕೆಂದು 32 ಕಿಲೋಬೈಟ್‌ನ ಮೊದಲ ಹಂತ ಮತ್ತು 1 ಮೆಗಾಬೈಟ್‌ನ ಎರಡನೆಯ ಹಂತ ಸ್ವಂತಕ್ಕಿವೆ. ಮೂರನೆಯದು ಚಿಪ್ಪಿನ ಕೋರ್‌ಗಳಿಗೆಲ್ಲ ಸಾಮಾನ್ಯ. ಮೊದಲ ಹಂತದಲ್ಲಿ ಬೇಕಾದ ಅಂಕಿ ಸಿಕ್ಕಿದರೆ ನಾಲ್ಕೈದು ಕ್ಲಾಕ್ ಸೈಕಲ್ ಸಾಕು. ಮೂರರಲ್ಲೂ ಸಿಗದೆ ಮುಖ್ಯ ಸ್ಮೃತಿಗೆ ಹೋಗಬೇಕಾದರೆ ಇನ್ನೂರಕ್ಕೂ ಹೆಚ್ಚು ಸೈಕಲ್ ಕಳೆಯುತ್ತವೆ.

ಜಯನಗರದ ದರ್ಶಿನಿಯೊಂದರ ಅಡುಗೆಮನೆಯನ್ನು ಊಹಿಸಿಕೊಂಡರೆ ಇದು ಸ್ಪಷ್ಟವಾಗುತ್ತದೆ. ದೋಸೆ ಹುಯ್ಯುವವರ ಕೈಯಳತೆಯಲ್ಲಿರುವ ಹಿಟ್ಟಿನ ಪಾತ್ರೆ ಮೊದಲ ಹಂತದ ಕ್ಯಾಶ್. ಬೆನ್ನ ಹಿಂದಿನ ಕಟ್ಟೆಯ ಮೇಲಿನ ಕೊಳಗ ಎರಡನೆಯದು. ಎಲ್ಲ ಅಡುಗೆಯವರೂ ಹಂಚಿಕೊಳ್ಳುವ ಉಗ್ರಾಣ ಮೂರನೆಯದು. ಅಲ್ಲೂ ಇಲ್ಲದ ಸಾಮಾನಿಗೆ ಕೆ.ಆರ್. ಮಾರುಕಟ್ಟೆಗೆ ಆಳು ಹೋಗಬೇಕು. ಅದೇ ಮುಖ್ಯ ಸ್ಮೃತಿ. ಆಳು ಬರುವವರೆಗೆ ಕಾವಲಿ ಕಾದೇ ಇರುತ್ತದೆ, ಅಡುಗೆಯವರು ಅದರ ಮುಂದೆ ನಿಂತೇ ಇರುತ್ತಾರೆ. ಹಾಜರಿ ಪುಸ್ತಕದ ಪ್ರಕಾರ ಅವರದು ಪೂರ್ತಿ ದಿನದ ಕೆಲಸ; ಆದರೆ ತಟ್ಟೆಗೆ ಬಿದ್ದ ದೋಸೆ ನಾಲ್ಕೇ.

ಲಿನಕ್ಸ್‌ನ ‘ಟಾಪ್’ ಎಂಬ ಉಪಕರಣ ತೋರಿಸುವ ಶೇಕಡಾ 100 ಬಳಕೆ ಎಂಬ ಅಂಕಿ ಈ ಹಾಜರಿ ಪುಸ್ತಕದಂಥದ್ದು. ಕೋರ್ ಆ ಪ್ರೋಗ್ರಾಮಿನ ವಶದಲ್ಲಿದೆ ಎಂದಷ್ಟೇ ಅದು ಹೇಳುತ್ತದೆ. ಲೆಕ್ಕ ಮಾಡುತ್ತಿದೆಯೋ ಸ್ಮೃತಿಗಾಗಿ ಕಾಯುತ್ತಿದೆಯೋ ಎಂದು ಹೇಳುವುದಿಲ್ಲ.

ಅದನ್ನು ಹೇಳುವುದು ಚಿಪ್ಪಿನೊಳಗೇ ಇರುವ ಎಣಿಕೆ ರಿಜಿಸ್ಟರ್‌ಗಳು. 1993ರ ಪೆಂಟಿಯಂನಲ್ಲಿಯೇ ಇಂಟೆಲ್ ಇಂಥ ಕೌಂಟರ್‌ಗಳನ್ನು ಇಟ್ಟಿತ್ತು. ಮುಗಿದ ಆದೇಶಗಳು, ಕಳೆದ ಸೈಕಲ್‌ಗಳು, ಕ್ಯಾಶ್‌ನಲ್ಲಿ ಸಿಗದೆ ಹೋದ ವಿನಂತಿಗಳು ಎಲ್ಲವನ್ನೂ ಅವು ಎಣಿಸುತ್ತವೆ. ಒಂದೊಂದು ಚಿಪ್ಪಿಗೆ ಒಂದೊಂದು ವಿಧಾನವೆಂಬ ತೊಡಕನ್ನು ಬಿಡಿಸಲು ಅಮೆರಿಕದ ಟೆನೆಸ್ಸೀ ವಿಶ್ವವಿದ್ಯಾಲಯದಲ್ಲಿ ‘ಪಾಪಿ’ ಎಂಬ ತಂತ್ರಾಂಶ ರೂಪುಗೊಂಡಿತು. 2009ರಲ್ಲಿ ಲಿನಕ್ಸ್ ಕರ್ನೆಲ್‌ಗೆ ಇದೇ ಕೆಲಸದ ‘ಪರ್ಫ್’ ಸೇರಿತು. ಜರ್ಮನಿಯ ಎರ್ಲಾಂಗೆನ್‌ನಲ್ಲಿ ‘ಲಿಕ್‌ವಿಡ್’ ಎಂಬ ಇನ್ನೊಂದು ಸಾಧನ ಹುಟ್ಟಿತು. ಮುಗಿದ ಆದೇಶಗಳನ್ನು ಸೈಕಲ್‌ಗಳಿಂದ ಭಾಗಿಸಿದರೆ ದುಡಿಮೆಯ ನಿಜ ಅಳತೆ ಸಿಗುತ್ತದೆ. ಕ್ಯಾಸ್ಕೇಡ್ ಲೇಕ್ ಸೈಕಲ್‌ಗೆ 4 ಆದೇಶಗಳನ್ನು ಮುಗಿಸಬಲ್ಲದು. ಅಳತೆ 0.3ಕ್ಕೆ ಇಳಿದು ಕ್ಯಾಶ್ ವಿಫಲತೆಗಳು ಏರಿದ್ದರೆ, ಕೊರತೆ ಸ್ಮೃತಿಯದೇ ಎಂದು ಶಂಕಿಸಲು ಬಲವಾದ ಕಾರಣವಿದೆ.

ಪರಿಹಾರ ಎಷ್ಟೋ ಸಲ ಪ್ರೋಗ್ರಾಮಿನಲ್ಲೇ ಇರುತ್ತದೆ. ಸ್ಮೃತಿಯಿಂದ ದತ್ತಾಂಶ ಬರುವುದು 64 ಬೈಟ್‌ಗಳ ಸಾಲುಗಳಾಗಿ. ಒಂದು ಸಾಲಿನಲ್ಲಿ 8 ಬೈಟ್‌ನ ಎಂಟು ಅಂಕಿಗಳು. ಫೋರ್ಟ್ರಾನ್ ಭಾಷೆ ಕೋಷ್ಟಕವನ್ನು ಕಂಬಸಾಲಿನಂತೆ ಜೋಡಿಸಿಡುತ್ತದೆ. ದೊಡ್ಡ ಕೋಷ್ಟಕವೊಂದನ್ನು ಅಡ್ಡಸಾಲಿನಲ್ಲಿ ಓದಿದರೆ ಎಂಟರಲ್ಲಿ ಒಂದು ಅಂಕಿ ಬಳಕೆಯಾಗಿ ಏಳು ವ್ಯರ್ಥವಾಗಬಹುದು. ಎರಡು ಲೂಪ್‌ಗಳ ಕ್ರಮ ಬದಲಿಸಿದರೆ ಅದೇ ಯಂತ್ರದಲ್ಲಿ ಅದೇ ಲೆಕ್ಕ ಹಲವು ಪಟ್ಟು ಬೇಗ ಮುಗಿಯಬಲ್ಲದು.

ಹಲವು ಕೋರ್‌ಗಳಿದ್ದಾಗ ಇನ್ನೊಂದು ತೊಡಕು. ಎರಡು ಕೋರ್‌ಗಳು ಬೇರೆ ಬೇರೆ ಅಂಕಿಗಳನ್ನು ಬರೆಯುತ್ತಿದ್ದರೂ ಅವು ಒಂದೇ ಸಾಲಿನಲ್ಲಿದ್ದರೆ, ಆ ಸಾಲು ಒಂದರ ಕ್ಯಾಶ್‌ನಿಂದ ಇನ್ನೊಂದರದಕ್ಕೆ ಓಡಾಡುತ್ತಲೇ ಇರುತ್ತದೆ. ಇದನ್ನು ಹುಡುಕಲೆಂದೇ ಪರ್ಫ್‌ನಲ್ಲಿ ‘ಸಿ2ಸಿ’ ಎಂಬ ಸಾಧನವಿದೆ. ಒಂದು ನೋಡ್‌ನಲ್ಲಿ ಎರಡು ಪ್ರೊಸೆಸರ್‌ಗಳಿದ್ದರೆ ಪಕ್ಕದ ಪ್ರೊಸೆಸರ್‌ನ ಸ್ಮೃತಿಯಿಂದ ತರುವುದು ತನ್ನದರಿಂದ ತರುವುದಕ್ಕಿಂತ ನಿಧಾನ. ಅದಕ್ಕೂ ಪ್ರತ್ಯೇಕ ಎಣಿಕೆ ಬೇಕು.

ನೋಡ್‌ಗಳ ನಡುವೆ ಹಾಜರಿ ಪುಸ್ತಕ ಇನ್ನಷ್ಟು ದಾರಿ ತಪ್ಪಿಸುತ್ತದೆ. ನೋಡ್‌ಗಳ ನಡುವೆ ಸಂದೇಶ ಸಾಗಿಸುವ ಎಂಪಿಐ ಪದ್ಧತಿಯ ಪ್ರೋಗ್ರಾಮುಗಳು ಸಂದೇಶಕ್ಕೆ ಕಾಯುವಾಗ ಸಾಮಾನ್ಯವಾಗಿ ನಿದ್ದೆ ಮಾಡದೆ ‘ಬಂತೇ, ಬಂತೇ’ ಎಂದು ಪರೀಕ್ಷಿಸುತ್ತಲೇ ಇರುತ್ತವೆ. ಈ ಪರೀಕ್ಷೆಯ ಲೂಪ್ ಪುಟ್ಟದು, ಕ್ಯಾಶ್‌ನಲ್ಲೇ ಕೂರುವಂಥದ್ದು. ಹಾಗಾಗಿ ಬಳಕೆ ಶೇಕಡಾ 100 ಇರುತ್ತದೆ, ಮುಗಿದ ಆದೇಶಗಳೂ ಹೇರಳವಾಗಿರುತ್ತವೆ, ಉಪಯುಕ್ತ ಲೆಕ್ಕ ಮಾತ್ರ ಶೂನ್ಯ. ಆದ್ದರಿಂದ ದಶಮಾಂಶ ಗುಣಾಕಾರ-ಸಂಕಲನಗಳ ಎಣಿಕೆ, ಸ್ಮೃತಿಯ ಸಂಚಾರ, ಜಾಲದ ಸಂಚಾರ ಈ ಮೂರನ್ನೂ ಎಲ್ಲ ನೋಡ್‌ಗಳಿಂದ ಒಂದೇ ಕಾಲಮಾನದಲ್ಲಿ ಸಂಗ್ರಹಿಸಿ ಹೋಲಿಸಬೇಕು. ಒಂದು ನೋಡ್ ಹಿಂದೆ ಬಿದ್ದರೆ ಉಳಿದವೆಲ್ಲ ಅದಕ್ಕಾಗಿ ನಿಲ್ಲುತ್ತವೆ. ಸರಾಸರಿಯಲ್ಲಿ ಅದು ಕಾಣುವುದೇ ಇಲ್ಲ.

ಅಳತೆಗೂ ಮಿತಿಯಿದೆ. ಪ್ರತಿ ಕೋರ್‌ನಲ್ಲಿರುವುದು ಬೆರಳೆಣಿಕೆಯ ಕೌಂಟರ್‌ಗಳು. ಹೆಚ್ಚು ಕೇಳಿದರೆ ತಂತ್ರಾಂಶ ಅವನ್ನು ಸರದಿಯಲ್ಲಿ ಬಳಸಿ ಉಳಿದುದನ್ನು ಅಂದಾಜಿಸುತ್ತದೆ. ಪದೇ ಪದೇ ಓದಿದರೆ ಅಳೆಯುವ ಕೆಲಸವೇ ಲೆಕ್ಕವನ್ನು ನಿಧಾನಿಸುತ್ತದೆ. ಕೆಲವೇ ಕೌಂಟರ್‌ಗಳನ್ನು ಆರಿಸಿ, ಹದವಾದ ಅಂತರದಲ್ಲಿ ಓದುವುದು ಸರಿಯಾದ ಕ್ರಮ.

ಸಾರ್ವಜನಿಕ ಹಣದಿಂದ ಕಟ್ಟಿದ ಯಂತ್ರಗಳ ವಿಷಯದಲ್ಲಿ ಪೆಟಾಫ್ಲಾಪ್‌ಗಳ ಘೋಷಣೆಯಷ್ಟೇ ಈ ಅಳತೆಯೂ ಮುಖ್ಯ. ಹೊಸ ನೋಡ್‌ಗಳನ್ನು ಕೊಳ್ಳುವ ಮೊದಲು ಇರುವ ನೋಡ್‌ಗಳ ಕೌಂಟರ್‌ಗಳನ್ನು ಓದಬೇಕು.